ಅಜ್ಜನ ಅಂಚೆಚೀಟಿ ಆಲ್ಬಂ ಕೈಗೆ ಬಂದಾಗ: ನೀರು, ಗೋಂದು, ಪ್ಲಾಸ್ಟಿಕ್ ಮತ್ತು ಕೆಲವು ತಪ್ಪು ನಂಬಿಕೆಗಳು

ಮನೆ ಬದಲಾಯಿಸುವಾಗ, ಅಟ್ಟ ಗುಡಿಸುವಾಗ, ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಬೀರು ತೆರೆದಾಗ ಅನೇಕ ಮನೆಗಳಲ್ಲಿ ಒಂದು ಅಂಚೆಚೀಟಿ ಆಲ್ಬಂ ಸಿಗುತ್ತದೆ. ಪುಟದ ಮೇಲೆ ಶಾಯಿಯಲ್ಲಿ ಬರೆದ ದೇಶದ ಹೆಸರು, ಕೆಳಗೆ ಸಾಲಾಗಿ ಅಂಟಿಸಿದ ಚೀಟಿಗಳು. ಹೆಲ್ವೇಷಿಯಾ ಎಂದರೆ ಸ್ವಿಟ್ಜರ್ಲೆಂಡ್, ಮ್ಯಾಗ್ಯಾರ್ ಎಂದರೆ ಹಂಗೇರಿ ಎಂದು ಎಷ್ಟೋ ಮಕ್ಕಳು ಕಲಿತದ್ದು ಇಂಥ ಪುಟಗಳಿಂದಲೇ. ಈಗ ಆ ಪುಟಗಳು ಹಳದಿಯಾಗಿವೆ, ಚೀಟಿಗಳ ಅಂಚಿನಲ್ಲಿ ಕಂದು ಚುಕ್ಕೆಗಳು ಎದ್ದಿವೆ, ಆಲ್ಬಂ ತೆರೆದರೆ ಮುಗ್ಗಲು ವಾಸನೆ.

ಹೀಗೆ ಬಿಟ್ಟರೆ ಹಾಳಾಗುತ್ತದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಮುಂದಿನ ಭಾನುವಾರ ಮನೆಮಂದಿ ಕೂತು ಚೀಟಿಗಳನ್ನು ನೀರಿನಲ್ಲಿ ನೆನೆಸಿ ಬಿಡಿಸುತ್ತಾರೆ, ಬಿಸಿಲಿಗೆ ಒಣಹಾಕುತ್ತಾರೆ, ಅಂಗಡಿಯಿಂದ ತಂದ ಹೊಸ ಫೋಟೊ ಆಲ್ಬಮ್ಮಿಗೆ ಸೇರಿಸುತ್ತಾರೆ, ಜೊತೆಗೆ ನಾಲ್ಕು ಡಾಂಬರು ಗುಳಿಗೆ ಹಾಕಿ ಬೀರುವಿನಲ್ಲಿ ಇಡುತ್ತಾರೆ. ಎಪ್ಪತ್ತು ವರ್ಷ ಉಳಿದುಬಂದ ಸಂಗ್ರಹಕ್ಕೆ ಆ ಒಂದು ಭಾನುವಾರದಲ್ಲಿ ಆಗುವ ಹಾನಿ, ಅದುವರೆಗೆ ಆದ ಹಾನಿಗಿಂತ ಹೆಚ್ಚಿರಬಹುದು. ಅದೂ ಮತ್ತೆ ಸರಿಪಡಿಸಲಾಗದ ಹಾನಿ. ಹೀಗೇಕೆ ಎಂಬುದನ್ನು ಈ ಬರಹದಲ್ಲಿ ನೋಡೋಣ. ಹಾಗೆಯೇ ಚೀಟಿಗಳನ್ನು ಹೊಸ ಪುಟಕ್ಕೆ ಸಾಗಿಸುವ ಅಗತ್ಯ ನಿಜವಾಗಿಯೂ ಇದ್ದರೆ ಅದನ್ನು ಮಾಡುವುದು ಹೇಗೆ ಎಂಬುದನ್ನೂ.

ಮೊದಲು ಬೆಲೆಯ ಮಾತು ಮುಗಿಸಿಬಿಡೋಣ. ‘ಹಳೇ ಸ್ಟಾಂಪು ಅಂದರೆ ಲಕ್ಷಗಟ್ಟಲೆ’ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಸ್ವತಂತ್ರ ಭಾರತದ ಮೊದಲ ಅಂಚೆಚೀಟಿ, ತ್ರಿವರ್ಣ ಧ್ವಜ ಮತ್ತು ‘ಜೈ ಹಿಂದ್’ ಎಂಬ ಬರಹವಿರುವ ಮೂರೂವರೆ ಆಣೆಯದು, 1947ರ ನವೆಂಬರ್ 21ರಂದು ಬಂತು. ಅದಕ್ಕೆ ಚಾರಿತ್ರಿಕ ಮಹತ್ವವಿದೆ. ಆದರೆ ಅದು ಅಪರೂಪದ್ದಲ್ಲ, ಈಗಲೂ ಸುಲಭವಾಗಿ ಸಿಗುತ್ತದೆ. ಇನ್ನೊಂದು ತುದಿಯಲ್ಲಿ, 1948ರ ಗಾಂಧೀಜಿಯ ಹತ್ತು ರೂಪಾಯಿ ಚೀಟಿಯ ಮೇಲೆ ‘ಸರ್ವಿಸ್’ ಎಂದು ಮೇಲುಮುದ್ರಣ ಮಾಡಿದ ನೂರೇ ಪ್ರತಿಗಳಿದ್ದವು. ಅವುಗಳಲ್ಲಿ ನಾಲ್ಕು ಚೀಟಿಗಳ ಒಂದು ಪಟ್ಟಿ 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಬೆಲೆ ಕಟ್ಟುವುದು ವಯಸ್ಸಲ್ಲ, ವಿರಳತೆ ಮತ್ತು ಸ್ಥಿತಿ. ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಇರುವುದು ಬಹುತೇಕ ಸಾಮಾನ್ಯ ಚೀಟಿಗಳೇ. ಹಾಗೆಂದು ಅವನ್ನು ಹೇಗಾದರೂ ನಡೆಸಿಕೊಳ್ಳಬಹುದು ಎಂದಲ್ಲ. ಸಾವಿರ ಸಾಮಾನ್ಯ ಚೀಟಿಗಳ ನಡುವೆ ಒಂದು ಅಸಾಮಾನ್ಯವಾದದ್ದು ಇದ್ದರೆ, ಅದು ಯಾವುದೆಂದು ತಿಳಿಯುವ ಮೊದಲೇ ನೀರಿನ ಬೋಗುಣಿಗೆ ಹೋಗಿರುತ್ತದೆ ಎಂಬುದೇ ಇಲ್ಲಿನ ತೊಂದರೆ.

ಒಂದು ಚೀಟಿ, ಮೂರು ವಸ್ತು

ಅಂಚೆಚೀಟಿಯನ್ನು ನಾವು ಒಂದು ತುಂಡು ಕಾಗದ ಎಂದುಕೊಳ್ಳುತ್ತೇವೆ. ನಿಜದಲ್ಲಿ ಅದು ಮೂರು ಪದರ: ಕಾಗದ, ಅದರ ಮುಂದಿನ ಮುದ್ರಣದ ಮಸಿ, ಹಿಂದಿನ ಗೋಂದು. ಮೂರರ ರಸಾಯನವೂ ಬೇರೆ, ಮೂರರ ಶತ್ರುಗಳೂ ಬೇರೆ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ವಿಷವಾಗುತ್ತದೆ. ಮನೆಮದ್ದುಗಳು ಸೋಲುವುದು ಇಲ್ಲಿಯೇ.

ಕಾಗದ ಎಂದರೆ ಸೆಲ್ಯುಲೋಸ್ ನಾರು. ಹತ್ತೊಂಬತ್ತನೇ ಶತಮಾನದ ಮಧ್ಯದವರೆಗೆ ಕಾಗದವನ್ನು ಹೆಚ್ಚಾಗಿ ಹಳೆಯ ಹತ್ತಿ, ನಾರುಬಟ್ಟೆಗಳಿಂದ ಮಾಡುತ್ತಿದ್ದರು. ಆಮೇಲೆ ಮರದ ತಿರುಳು ಬಂತು, ಜೊತೆಗೆ ಲಿಗ್ನಿನ್ ಎಂಬ ಅಂಶವೂ ಬಂತು. ಮಸಿ ಹರಡದಿರಲೆಂದು ಸೇರಿಸುತ್ತಿದ್ದ ಆಲಂ, ಅಂದರೆ ಪಟಿಕದ ಜಾತಿಯ ಲವಣ, ಕಾಗದವನ್ನು ಆಮ್ಲೀಯವಾಗಿಸುತ್ತಿತ್ತು. ಆಮ್ಲ ಸೆಲ್ಯುಲೋಸಿನ ಉದ್ದನೆಯ ಸರಪಳಿಯನ್ನು ತುಂಡರಿಸುತ್ತದೆ. ಹಳೆಯ ದಿನಪತ್ರಿಕೆಯನ್ನು ಮಡಚಿದರೆ ಪುಡಿಯಾಗುವುದು ಇದರಿಂದಲೇ. ಆಲ್ಬಂ ಪುಟಗಳ ಕಾಗದ ಸಾಮಾನ್ಯವಾಗಿ ಚೀಟಿಯ ಕಾಗದಕ್ಕಿಂತ ಕಳಪೆ. ಶಾಲೆಯ ಡ್ರಾಯಿಂಗ್ ಪುಸ್ತಕದಲ್ಲೋ ಲಾಂಗ್ ಬುಕ್ಕಿನಲ್ಲೋ ಅಂಟಿಸಿದ ಸಂಗ್ರಹವಾದರೆ ಕೇಳುವುದೇ ಬೇಡ. ಆ ಪುಟದ ಆಮ್ಲ ನಿಧಾನವಾಗಿ ಚೀಟಿಗೂ ದಾಟುತ್ತದೆ. ಅಜ್ಜ ಕಾಪಾಡಲೆಂದು ಅಂಟಿಸಿದ ಪುಟವೇ ಚೀಟಿಯನ್ನು ಹಳದಿ ಮಾಡುತ್ತಿರುತ್ತದೆ. ಹೊಸ ಪುಟಕ್ಕೆ ಸಾಗಿಸಲು ಇರುವ ಗಟ್ಟಿಯಾದ ಕಾರಣ ಇದು.

ಗೋಂದಿನ ಕತೆ ಇನ್ನೂ ಸ್ವಾರಸ್ಯದ್ದು. ಹಳೆಯ ಚೀಟಿಗಳ ಹಿಂದಿರುವುದು ಹೆಚ್ಚಾಗಿ ಜಾಲಿಯ ಬಳಗದ ಮರಗಳಿಂದ ಬರುವ ಅರೇಬಿಕ್ ಗೋಂದು ಅಥವಾ ಪಿಷ್ಟದಿಂದ ಮಾಡಿದ ಡೆಕ್ಸ್‌ಟ್ರಿನ್. ಎರಡೂ ಗಾಳಿಯಲ್ಲಿನ ತೇವವನ್ನು ಹೀರುತ್ತವೆ. ತೇವ ಹೆಚ್ಚಾದರೆ ಮೆತ್ತಗಾಗಿ ಪುಟಕ್ಕೆ ಅಂಟಿಕೊಳ್ಳುತ್ತವೆ. ತೀರಾ ಒಣಗಿದರೆ ಬಿರುಕು ಬಿಟ್ಟು, ಆ ಬಿರುಕು ಕಾಗದಕ್ಕೂ ಇಳಿಯುತ್ತದೆ. ಬೆಳ್ಳಿಹುಳಕ್ಕೂ ಜಿರಳೆಗೂ ಇವು ಒಳ್ಳೆಯ ಊಟ.

ಗೋಂದೇ ಚೀಟಿಯನ್ನು ತಿಂದ ಉದಾಹರಣೆಯೂ ಇದೆ. 1935ರಲ್ಲಿ ಜರ್ಮನಿಯ ಕೋನಿಗ್ಸ್‌ಬರ್ಗಿನಲ್ಲಿ ನಡೆದ ಓಸ್ಟ್ರೋಪಾ ಅಂಚೆಚೀಟಿ ಪ್ರದರ್ಶನಕ್ಕಾಗಿ ಹೊರತಂದ ಪುಟ್ಟ ಹಾಳೆಯ ಗೋಂದಿನಲ್ಲಿ ಸಲ್ಫ್ಯೂರಿಕ್ ಆಮ್ಲ ಸೇರಿತ್ತು. ಅದು ಒಳಗಿನಿಂದಲೇ ಕಾಗದವನ್ನು ಕಂದಾಗಿಸಿ, ಪುಡಿಮಾಡತೊಡಗಿತು. ಆ ಹಾಳೆಯ ವಿಷಯದಲ್ಲಿ ಮಾತ್ರ ಸಂಗ್ರಾಹಕರು ಗೋಂದನ್ನು ತೊಳೆದು ತೆಗೆಯುವುದೇ ಕ್ಷೇಮ ಎನ್ನುತ್ತಾರೆ. ಬೇರೆಲ್ಲ ಕಡೆ ಮೂಲ ಗೋಂದನ್ನು ತೊಳೆಯುವುದು ಮಹಾಪರಾಧ.

ನಮ್ಮ ಹವೆಯೇ ಮೊದಲ ಎದುರಾಳಿ

ಸಂಗ್ರಹಾಲಯಗಳು ಕಾಗದಕ್ಕೆ ಶೇ 40ರಿಂದ 55ರ ನಡುವಿನ ಆರ್ದ್ರತೆ, 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆ ಬೇಕು ಎನ್ನುತ್ತವೆ. ಮಂಗಳೂರು, ಉಡುಪಿ, ಕಾರವಾರದ ಜೂನ್–ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಗಾಳಿಯ ಆರ್ದ್ರತೆ ಶೇ 85 ದಾಟುವುದು ಅಲ್ಲಿ ಸಾಮಾನ್ಯ. ಮಲೆನಾಡಿನ ಮನೆಗಳಲ್ಲೂ ಚರ್ಮದ ಚಪ್ಪಲಿಯ ಮೇಲೆ ಬೂಸಲು ಬರುವ ಕಾಲ ಅದು. ಆರ್ದ್ರತೆ ಶೇ 65–70ರ ಮೇಲೆ ಕೆಲವು ದಿನ ನಿಂತರೆ, ಕಾಗದದ ಮೇಲೆ ಸದಾ ಇರುವ ಶಿಲೀಂಧ್ರದ ಬೀಜಾಣುಗಳು ಮೊಳೆಯುತ್ತವೆ.

ಚೀಟಿಗಳ ಮೇಲೆ, ಅದರಲ್ಲೂ ಅಂಚಿನ ಹಲ್ಲುಗಳ ಬಳಿ ಕಾಣುವ ಕಂದು ಚುಕ್ಕೆಗಳನ್ನು ಸಂಗ್ರಾಹಕರು ‘ರಸ್ಟ್’ ಎನ್ನುತ್ತಾರೆ. ಹೆಸರು ತುಕ್ಕಿನದ್ದಾದರೂ ಅದು ಪೂರ್ತಿ ತುಕ್ಕಲ್ಲ. ಶಿಲೀಂಧ್ರದ ಬೆಳವಣಿಗೆ, ಕಾಗದದಲ್ಲಿ ಸೇರಿಕೊಂಡ ಕಬ್ಬಿಣದ ಸೂಕ್ಷ್ಮ ಕಣಗಳು, ತೇವದಿಂದ ಸೆಲ್ಯುಲೋಸಿನಲ್ಲಾಗುವ ಬದಲಾವಣೆ, ಇವುಗಳಲ್ಲಿ ಒಂದೋ ಹಲವೋ ಕಾರಣವಾಗಿರಬಹುದು. ಎಲ್ಲ ಕಲೆಗಳಿಗೂ ಒಂದೇ ಕಾರಣ ಎಂದು ಹೇಳಲು ಬರುವುದಿಲ್ಲ. ಆದರೆ ಎಲ್ಲಕ್ಕೂ ತೇವ ಬೇಕು ಎಂಬುದರಲ್ಲಿ ಅನುಮಾನವಿಲ್ಲ.

ಹಾಗಾಗಿ ಆಲ್ಬಮ್ಮಿಗೆ ನೀವು ಮಾಡಬಹುದಾದ ಮೊದಲ ಉಪಕಾರ ಅದನ್ನು ಇಡುವ ಜಾಗ ಬದಲಾಯಿಸುವುದು. ಹೊರಗೋಡೆಗೆ ತಾಗಿದ ಬೀರು, ಬಚ್ಚಲ ಪಕ್ಕದ ಕೋಣೆ, ಬಿಸಿಲಿಗೆ ಕಾಯುವ ಅಟ್ಟ, ಇವು ಮೂರೂ ಬೇಡ. ಒಳಗೋಡೆಯ ಬದಿಯ ಕಪಾಟಿನಲ್ಲಿ, ನೆಲದಿಂದ ಮೇಲೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ ಇಡಿ. ಒಂದರ ಮೇಲೊಂದು ಹೇರಿದರೆ ಭಾರಕ್ಕೆ ಗೋಂದು ಪುಟಕ್ಕೆ ಒತ್ತಿಕೊಳ್ಳುತ್ತದೆ. ಬಿಗಿಯಾಗಿ ತುರುಕಬೇಡಿ, ಪುಟಗಳ ನಡುವೆ ಸ್ವಲ್ಪ ಗಾಳಿಯಾಡಲಿ. ಕೆಲವೇ ನೂರು ರೂಪಾಯಿಗೆ ಆರ್ದ್ರತೆ ತೋರಿಸುವ ಪುಟ್ಟ ಡಿಜಿಟಲ್ ಮಾಪಕ ಸಿಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ದುಬಾರಿ ಆಲ್ಬಮ್ಮಿಗಿಂತ ಮೊದಲು ಕೊಳ್ಳಬೇಕಾದದ್ದು ಅದನ್ನು. ಕಪಾಟಿನ ಒಳಗೆ ಒಂದು ತಿಂಗಳು ಇಟ್ಟು ನೋಡಿದರೆ ನಿಮ್ಮ ಮನೆಯ ಗುಟ್ಟು ತಿಳಿಯುತ್ತದೆ.

‘ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ಸಾಕಲ್ಲ?’ ಎಂಬುದು ಸಾಮಾನ್ಯ ಪ್ರಶ್ನೆ. ಮಳೆಗಾಲದಲ್ಲಿ ಮುಚ್ಚಿದ ಡಬ್ಬಿಯಲ್ಲಿ ಮಳೆಗಾಲದ ಗಾಳಿಯೇ ಇರುತ್ತದೆ. ಆಲ್ಬಮ್ಮಿನ ಕಾಗದವೂ ಆಗಲೇ ತೇವ ಹೀರಿಕೊಂಡಿರುತ್ತದೆ. ರಾತ್ರಿ ತಂಪಾದಾಗ ಆ ತೇವ ಹೊರಹೋಗಲು ದಾರಿಯಿಲ್ಲದೆ ಒಳಗೇ ನಿಲ್ಲುತ್ತದೆ. ಡಬ್ಬಿ ಬಳಸುವುದಾದರೆ ಒಣಹವೆಯ ದಿನ, ಜನವರಿ–ಫೆಬ್ರುವರಿಯಲ್ಲಿ, ಸಿಲಿಕಾ ಜೆಲ್ ಸಹಿತ ಮುಚ್ಚಬೇಕು. ಬಣ್ಣ ಬದಲಾಗುವ ಜೆಲ್ ಆದರೆ ಅದು ತುಂಬಿದ್ದು ಗೊತ್ತಾಗುತ್ತದೆ, ಆಗ ಒಲೆಯಲ್ಲಿ ಬಿಸಿಮಾಡಿ ಮತ್ತೆ ಬಳಸಬಹುದು. ಜೆಲ್ ತುಂಬಿದ ಮೇಲೂ ಹಾಗೇ ಬಿಟ್ಟರೆ ಅದು ಇದ್ದೂ ಇಲ್ಲದಂತೆ.

ಹಳೆ ಪುಸ್ತಕಗಳನ್ನು ಮಳೆಗಾಲ ಮುಗಿದ ಮೇಲೆ ಬಿಸಿಲಿಗೆ ಇಡುವ ರೂಢಿ ನಮ್ಮಲ್ಲಿದೆ. ಅಂಚೆಚೀಟಿಗೆ ಅದು ಸಲ್ಲದು. ಬಿಸಿಲಿನ ನೇರಳಾತೀತ ಕಿರಣಗಳು ಮುದ್ರಣದ ಬಣ್ಣವನ್ನು ಮಾಸಿಸುತ್ತವೆ, ಮಾಸಿದ ಬಣ್ಣ ಮರಳುವುದಿಲ್ಲ. ಒಣಹವೆಯ ದಿನ ನೆರಳಿನ ಕೋಣೆಯಲ್ಲಿ ಆಲ್ಬಂ ತೆರೆದಿಟ್ಟರೆ ಅದೇ ಕೆಲಸ ಆಗುತ್ತದೆ, ಹಾನಿಯಿಲ್ಲದೆ. ಬೂಸಲು ಕಣ್ಣಿಗೆ ಕಾಣುತ್ತಿದ್ದರೆ ಆ ಆಲ್ಬಮ್ಮನ್ನು ಉಳಿದವುಗಳಿಂದ ಬೇರೆ ಮಾಡಿ. ಅದು ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ, ಎನ್95 ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಕುಂಚದಿಂದ ಪುಟಗಳನ್ನು ಒರೆಸಿ. ಉಬ್ಬಸ ಇರುವವರು ಈ ಕೆಲಸಕ್ಕೆ ಕೈಹಾಕುವುದು ಬೇಡ.

ಡಾಂಬರು ಗುಳಿಗೆ, ಬೇವು, ಅಕ್ಕಿ

ನ್ಯಾಫ್ತಲೀನ್, ನಾವು ಡಾಂಬರು ಗುಳಿಗೆ ಎನ್ನುವುದು, ಶಿಲೀಂಧ್ರವನ್ನು ತಡೆಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಅದು ಕೆಲವು ಹುಳಗಳನ್ನು ದೂರ ಇಡಬಲ್ಲದು. ಮನೆಯ ಕಪಾಟಿನಲ್ಲಿ ಬೂಸಲನ್ನು ತಡೆಯುವ ಕೆಲಸ ಅದರಿಂದ ಆಗದು. ಅದರ ಆವಿ ಪಾಲಿಸ್ಟೈರೀನ್‌ನಂಥ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಹಲವು ಸ್ಟಾಂಪ್ ಮೌಂಟುಗಳು ತಯಾರಾಗುವುದು ಪಾಲಿಸ್ಟೈರೀನಿನಿಂದಲೇ! ಮನುಷ್ಯರಿಗೂ ಅದು ನಿರಪಾಯವಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಇದರ ಸಂಪರ್ಕದಿಂದ ಕೆಂಪು ರಕ್ತಕಣಗಳು ಒಡೆಯಬಹುದು ಎಂಬುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ವಿಷಯ.

ಬೇವಿನ ಎಲೆಯನ್ನು ಪುಟಗಳ ನಡುವೆ ಇಡುವವರು ಅದರ ತೇವವನ್ನೂ ಹಸಿರು ಕಲೆಯನ್ನೂ ಜೊತೆಗೇ ಇಡುತ್ತಾರೆ. ಅಕ್ಕಿಯ ಗಂಟು ತೇವ ಹೀರುವುದು ಅಷ್ಟಕ್ಕಷ್ಟೇ, ಹುಳವನ್ನು ಕರೆಯುವುದು ಮಾತ್ರ ಖಂಡಿತ. ಬೆಳ್ಳಿಹುಳಕ್ಕೆ ಒಳ್ಳೆಯ ಮದ್ದು ಒಣ ಜಾಗ, ಧೂಳಿಲ್ಲದ ಕಪಾಟು, ಆಗಾಗ ಆಲ್ಬಂ ತೆರೆದು ನೋಡುವ ಅಭ್ಯಾಸ.

ಬೋಗುಣಿಯ ನೀರು

ಹಳೆ ಪುಟದಿಂದ ಚೀಟಿ ಬಿಡಿಸಲು ನೀರು ಬಳಸುವುದು ತಪ್ಪಲ್ಲ. ಯಾವ ಚೀಟಿಗೆ ಎಂಬುದು ಮುಖ್ಯ. ಠಸ್ಸೆ ಬಿದ್ದ, ಅಂದರೆ ಬಳಸಿದ, ಇಪ್ಪತ್ತನೇ ಶತಮಾನದ ಸಾಮಾನ್ಯ ಚೀಟಿಗಳಲ್ಲಿ ಹೆಚ್ಚಿನವು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ತೇಲಿದರೆ ತಾವಾಗಿಯೇ ಕಳಚಿಕೊಳ್ಳುತ್ತವೆ. ಬಳಸದ, ಗೋಂದಿರುವ ಚೀಟಿಯನ್ನು ನೀರಿಗೆ ಹಾಕಿದರೆ ಗೋಂದು ಹೋಯಿತು, ಅದರ ಜೊತೆಗೆ ಬೆಲೆಯ ದೊಡ್ಡ ಪಾಲೂ ಹೋಯಿತು.

ಮಸಿಯ ವಿಷಯ ಇನ್ನೂ ನಾಜೂಕು. ಬಳಸಿದ ಚೀಟಿಯ ಠಸ್ಸೆಯನ್ನು ತೊಳೆದು ಮತ್ತೆ ಬಳಸುವ ವಂಚನೆ ಹತ್ತೊಂಬತ್ತನೇ ಶತಮಾನದಲ್ಲಿ ಅಂಚೆ ಇಲಾಖೆಗಳಿಗೆ ದೊಡ್ಡ ತಲೆನೋವಾಗಿತ್ತು. ಅದಕ್ಕೆ ಪರಿಹಾರವಾಗಿ, ತೊಳೆದರೆ ಚಿತ್ರವೇ ಓಡಿಹೋಗುವಂಥ ಮಸಿಯಲ್ಲಿ ಚೀಟಿ ಮುದ್ರಿಸಿದರು. ಬ್ರಿಟನ್ನಿನಲ್ಲಿ 1883–84ರಲ್ಲಿ ಬಂದ ತಿಳಿನೇರಳೆ ಮತ್ತು ಹಸಿರು ಬಣ್ಣದ ಚೀಟಿಗಳು ಇದಕ್ಕೆ ಹೆಸರಾದವು. ಇವನ್ನು ನೆನೆಸಿದರೆ ಹಸಿರು ಕಳೆಗುಂದುತ್ತದೆ. ನೂರ ನಲವತ್ತು ವರ್ಷದ ಹಿಂದೆ ಕಳ್ಳರಿಗಾಗಿ ಒಡ್ಡಿದ ಬಲೆಗೆ ಇಂದು ಬೀಳುವವರು ಅಮಾಯಕ ಮೊಮ್ಮಕ್ಕಳು.

ಭಾರತದ ಸಂಸ್ಥಾನಗಳ ಚೀಟಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಜಮ್ಮು–ಕಾಶ್ಮೀರದಲ್ಲಿ 1866ರಿಂದ ಬಂದ ಮೊದಲ ಚೀಟಿಗಳನ್ನು ಕೈಯಿಂದ ಮಾಡಿದ ಕಾಗದದ ಮೇಲೆ ಜಲವರ್ಣದಲ್ಲಿ ಒತ್ತಿದ್ದರು. ನೀರು ಸೋಕಿದರೆ ಅಲ್ಲಿ ಉಳಿಯುವುದು ಬಣ್ಣದ ಮೋಡ. ಹಲವು ಸಂಸ್ಥಾನಗಳ ಚೀಟಿಗಳಿಗೆ ಹಿಂದೆ ಗೋಂದೇ ಇರಲಿಲ್ಲ. ಅದನ್ನು ತಿಳಿಯದೆ ‘ಗೋಂದು ಹೋಗಿಬಿಟ್ಟಿದೆ’ ಎಂದು ಹೊಸದಾಗಿ ಹಚ್ಚಿದವರೂ ಇದ್ದಾರೆ. ಕಲಬುರಗಿ, ಬೀದರ್, ರಾಯಚೂರಿನ ಹಳೆಯ ಮನೆಗಳಲ್ಲಿ ಹೈದರಾಬಾದ್ ನಿಜಾಮರ ಚೀಟಿಗಳು ಸಿಗುತ್ತವೆ. 1869ರಿಂದ ಆ ಸಂಸ್ಥಾನ ತನ್ನದೇ ಚೀಟಿಗಳನ್ನು ಹೊರಡಿಸಿತ್ತು. ಇಂಥವು ಇದ್ದರೆ ನೀರಿನಿಂದ ದೂರ ಇಡುವುದೇ ಲೇಸು. ನಾವು ಪಾಲಿಸಬಹುದಾದ ಸರಳ ಗೆರೆ ಹೀಗಿದೆ: 1900ಕ್ಕೆ ಮೊದಲಿನದು, ಸಂಸ್ಥಾನದ್ದು, ಬಣ್ಣದ ಕಾಗದದ ಮೇಲೆ ಇರುವುದು, ನೇರಳೆ ಮಸಿಯ ಠಸ್ಸೆ ಅಥವಾ ಕೈಬರಹ ಇರುವುದು, ಇವುಗಳಲ್ಲಿ ಯಾವುದನ್ನೂ ಗುರುತು ಹಿಡಿಯುವವರೆಗೆ ನೆನೆಸಬೇಡಿ.

ಇನ್ನು ಲಕೋಟೆಗಳು. ಚೀಟಿ ಇನ್ನೂ ಕಾಗದದ ಲಕೋಟೆಯ ಮೇಲೇ ಇದ್ದರೆ ಅದನ್ನು ಕತ್ತರಿಸಲೂ ಬೇಡಿ, ಬಿಡಿಸಲೂ ಬೇಡಿ. ಎಲ್ಲಿಂದ ಹೊರಟಿತು, ಎಂದು ತಲುಪಿತು, ಯಾವ ದಾರಿಯಲ್ಲಿ ಹೋಯಿತು ಎಂದು ಹೇಳುವುದು ಲಕೋಟೆಯ ಠಸ್ಸೆಗಳು. ಬಿಡಿ ಚೀಟಿಗಿಂತ ಇಡೀ ಲಕೋಟೆಗೆ ಬೆಲೆ ಹೆಚ್ಚಿರುವುದು ಸಾಮಾನ್ಯ. ಬೆಲೆ ಇಲ್ಲದಿದ್ದರೂ ಅದು ಮನೆಯ ಚರಿತ್ರೆ.

ನೆನೆಸಿ ಬಿಡಿಸಿದ ಚೀಟಿಯನ್ನು ಶುದ್ಧ ನೀರಿನಲ್ಲಿ ಇನ್ನೊಮ್ಮೆ ತೊಳೆದು, ಬ್ಲಾಟಿಂಗ್ ಪೇಪರಿನ ಮೇಲೆ ಮುಖ ಕೆಳಗಾಗಿಸಿ ಒಣಗಿಸಿ. ಅರೆ ಒಣಗಿದಾಗ ಎರಡು ಬ್ಲಾಟಿಂಗ್ ಪೇಪರುಗಳ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿದರೆ ಸಪಾಟಾಗುತ್ತದೆ. ಇಸ್ತ್ರಿಪೆಟ್ಟಿಗೆ ಬೇಡ. ದಿನಪತ್ರಿಕೆಯೂ ಬೇಡ, ಅದರ ಮಸಿ ಹತ್ತುತ್ತದೆ.

ಬಳಸದ ಚೀಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ನೀರಿನ ಬದಲು ಆವಿಯ ತೇವ ಕೊಡಬಹುದು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ನೀರಿಗೆ ತಾಗದಂತೆ ಜಾಲರಿ, ಜಾಲರಿಯ ಮೇಲೆ ಚೀಟಿ. ಸ್ವಲ್ಪ ಹೊತ್ತಿಗೊಮ್ಮೆ ತೆರೆದು ನೋಡುತ್ತಿರಬೇಕು. ಗೋಂದು ಸಡಿಲವಾದ ಗಳಿಗೆಯಲ್ಲೇ ಮೆಲ್ಲಗೆ ಬೇರ್ಪಡಿಸಿ, ಗೋಂದಿನ ಬದಿ ಮೇಲಾಗಿಸಿ ಒಣಗಿಸಬೇಕು. ಗೋಂದಿನ ಹೊಳಪು ಸ್ವಲ್ಪ ಮಂಕಾಗಬಹುದು, ಆದರೆ ಚೀಟಿ ಉಳಿಯುತ್ತದೆ. ಕೆಟಲಿನ ಬಿಸಿ ಹಬೆಗೆ ಹಿಡಿಯುವುದು ಸಿನಿಮಾದಲ್ಲಿ ಲಕೋಟೆ ಬಿಡಿಸುವವರ ವಿಧಾನ, ಅದನ್ನು ಅವರಿಗೇ ಬಿಡೋಣ.

ಕಲೆ ತೆಗೆಯುವ ಉಪಾಯಗಳಾಗಿ ನಿಂಬೆರಸ, ಬ್ಲೀಚಿಂಗ್ ಪೌಡರ್, ರಬ್ಬರು ಎಂದೆಲ್ಲ ಹೇಳುವವರಿದ್ದಾರೆ. ನಿಂಬೆರಸ ಆಮ್ಲ. ಬ್ಲೀಚು ನಾರನ್ನೇ ತಿನ್ನುತ್ತದೆ. ರಬ್ಬರು ಮಸಿಯನ್ನು ಉಜ್ಜಿ ತೆಗೆಯುತ್ತದೆ. ಇವುಗಳ ನಡುವೆ ಒಂದರ ಹಿಂದೆ ಮಾತ್ರ ನಿಜವಾದ ರಸಾಯನವಿದೆ. ಸೀಸದ ಬಣ್ಣ ಬಳಸಿದ ಕೆಲವು ಹಳೆಯ ಕಿತ್ತಳೆ ಚೀಟಿಗಳು ಗಾಳಿಯಲ್ಲಿನ ಗಂಧಕದ ಅನಿಲಕ್ಕೆ ಕಪ್ಪಾಗುತ್ತವೆ, ಅಂದರೆ ಅಲ್ಲಿ ಕಪ್ಪು ಸೀಸದ ಸಲ್ಫೈಡ್ ಉಂಟಾಗಿರುತ್ತದೆ. ತೆಳು ಹೈಡ್ರೋಜನ್ ಪೆರಾಕ್ಸೈಡ್ ಅದನ್ನು ಬಿಳಿಯ ಸೀಸದ ಸಲ್ಫೇಟ್ ಆಗಿ ಬದಲಿಸುತ್ತದೆ, ಚೀಟಿಯ ಬಣ್ಣ ಮರಳಿದಂತೆ ಕಾಣುತ್ತದೆ. ಇದು ಜಾದೂ ಅಲ್ಲ, ಎಲ್ಲ ಕಲೆಗೂ ಮದ್ದೂ ಅಲ್ಲ. ಗೋಂದಿರುವ ಚೀಟಿಗೆ, ಓಡುವ ಮಸಿಗೆ ಇದು ನೀರಿನಷ್ಟೇ ಅಪಾಯ. ಅಂದಹಾಗೆ, ಚೀಟಿಗಳ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡಿನಲ್ಲೂ ಗಂಧಕವಿರುತ್ತದೆ. ಇದ್ದರೆ ಇವತ್ತೇ ತೆಗೆದುಬಿಡಿ.

ಹೊಳೆಯುವ ಪ್ಲಾಸ್ಟಿಕ್ಕಿನ ಮೋಸ

ಹೊಸ ಆಲ್ಬಂ ಕೊಳ್ಳುವವರು ಹೆಚ್ಚು ಎಡವುವುದು ಇಲ್ಲಿ. ಪಿವಿಸಿ ಎಂಬ ಪ್ಲಾಸ್ಟಿಕ್ ಸ್ವಭಾವತಃ ಗಡಸು. ಅದನ್ನು ಮೆತ್ತಗೆ, ಬಾಗುವಂತೆ ಮಾಡಲು ಥಾಲೇಟ್‌ನಂಥ ಎಣ್ಣೆಯಂಥ ರಾಸಾಯನಿಕಗಳನ್ನು ಬೆರೆಸುತ್ತಾರೆ. ಅವು ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಕಟ್ಟಿಕೊಂಡಿರುವುದಿಲ್ಲ. ವರ್ಷಗಳು ಕಳೆದಂತೆ ಹೊರಬಂದು ಚೀಟಿಯ ಮಸಿಯನ್ನು ಕರಗಿಸುತ್ತವೆ. ಹಳೆಯ ಪ್ಲಾಸ್ಟಿಕ್ ಫೋಲ್ಡರಿಗೆ ಜೆರಾಕ್ಸ್ ಪ್ರತಿಯ ಅಕ್ಷರಗಳು ಅಂಟಿಕೊಂಡಿರುವುದನ್ನು ನೀವು ನೋಡಿರಬಹುದು, ಇದೂ ಅದೇ. ಪಿವಿಸಿ ತಾನು ಒಡೆಯುವಾಗ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿಡುತ್ತದೆ. ಹೊಸ ರೇನ್‌ಕೋಟಿನ ವಾಸನೆ ಬರುವ, ಮುಟ್ಟಿದರೆ ಜಿಗುಟೆನಿಸುವ ಪ್ಲಾಸ್ಟಿಕ್ಕನ್ನು ಚೀಟಿಯ ಹತ್ತಿರ ಸೇರಿಸಬೇಡಿ. ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಪಾಲಿಸ್ಟೈರೀನ್ ಎಂದು ಸ್ಪಷ್ಟವಾಗಿ ಬರೆದಿರುವುದನ್ನು ಕೊಳ್ಳಬಹುದು.

ಅಂಟುಪುಟದ ಫೋಟೊ ಆಲ್ಬಂ, ಅಂದರೆ ಪಾರದರ್ಶಕ ಹಾಳೆ ಎತ್ತಿ ಕೆಳಗಿನ ಜಿಗುಟು ಗೆರೆಗಳ ಮೇಲೆ ಫೋಟೊ ಇಟ್ಟು ಮುಚ್ಚುವಂಥದ್ದು, ಚೀಟಿಗೆ ಅತ್ಯಂತ ಕೆಟ್ಟ ಜಾಗ. ಸೆಲ್ಲೋಟೇಪು ಅದರ ಸೋದರ. ಅದರ ಅಂಟು ಕಾಗದದೊಳಗೆ ಇಳಿದು ಕಂದು ಕಲೆಯಾಗಿ ನಿಲ್ಲುತ್ತದೆ. ಲ್ಯಾಮಿನೇಷನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಬಿಸಿ, ಅಂಟು, ಪ್ಲಾಸ್ಟಿಕ್ ಮೂರೂ ಒಟ್ಟಿಗೆ, ಮರಳಿ ಬರುವ ದಾರಿಯೇ ಇಲ್ಲದಂತೆ.

‘ಆಸಿಡ್ ಫ್ರೀ’ ಎಂಬ ಚೀಟಿ ಹಚ್ಚಿದ ಕಾಗದವೂ ಪೂರ್ತಿ ಭರವಸೆಯಲ್ಲ. ಅದು ತಯಾರಾದ ದಿನ ಆಮ್ಲ ಇರಲಿಲ್ಲ ಎಂದಷ್ಟೇ ಅರ್ಥ. ಲಿಗ್ನಿನ್ ಉಳಿದಿದ್ದರೆ ಮುಂದೆ ಆಮ್ಲ ಹುಟ್ಟಬಹುದು. ‘ಆಸಿಡ್ ಫ್ರೀ, ಲಿಗ್ನಿನ್ ಫ್ರೀ’ ಎರಡೂ ಇರಲಿ.

ಹಿಂಜೋ, ಮೌಂಟೋ?

ಚೀಟಿಯನ್ನು ಪುಟದಲ್ಲಿ ನಿಲ್ಲಿಸಲು ಎರಡು ಮುಖ್ಯ ವಿಧಾನಗಳಿವೆ. ಹಿಂಜ್ ಎಂದರೆ ಒಂದು ಬದಿಗೆ ತೆಳು ಗೋಂದಿರುವ, ಬಟರ್ ಪೇಪರಿನಂತೆ ಕಾಣುವ ಪುಟ್ಟ ಕಾಗದ. ಅದನ್ನು ಮಡಚಿ ಚಿಕ್ಕ ಮಡಿಕೆಯನ್ನು ಚೀಟಿಯ ಹಿಂದಕ್ಕೂ ದೊಡ್ಡದನ್ನು ಪುಟಕ್ಕೂ ಅಂಟಿಸುತ್ತಾರೆ. ಮೌಂಟ್ ಎಂದರೆ ಹಿಂದೆ ಕಪ್ಪು ಅಥವಾ ಪಾರದರ್ಶಕ, ಮುಂದೆ ಪಾರದರ್ಶಕ ಹಾಳೆ ಇರುವ ಪ್ಲಾಸ್ಟಿಕ್ ಜೇಬು. ಅದರಲ್ಲಿ ಚೀಟಿಗೆ ಯಾವ ಅಂಟೂ ತಾಗುವುದಿಲ್ಲ.

ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಹಿಂಜ್ ಎಂದೂ ತಾಗದ, ಗೋಂದು ಅಚ್ಚಳಿಯದ ಚೀಟಿಗಳಿಗೆ ಮಾರುಕಟ್ಟೆಯಲ್ಲಿ ವಿಪರೀತ ಬೆಲೆ ಬಂತು. ಯಾರೂ ನೋಡದ ಹಿಂಬದಿಗೆ ಮುಂಬದಿಗಿಂತ ಹೆಚ್ಚಿನ ಮಾನ! ಇದರಿಂದ ಹಳೆಯ ಚೀಟಿಗೆ ಹೊಸ ಗೋಂದು ಬಳಿದು ಮಾರುವ ವಂಚನೆಯೂ ಹುಟ್ಟಿತು. ಅಂಚಿನ ಹಲ್ಲುಗಳ ತುದಿಗೆ ಗೋಂದು ಹರಿದು ಗಡುಸಾಗಿರುವುದು ಅದರ ಒಂದು ಗುರುತು. ನಮ್ಮ ನೋಟದಲ್ಲಿ, 1940ಕ್ಕೆ ಮೊದಲಿನ ಚೀಟಿಗೆ ಅಚ್ಚುಕಟ್ಟಾದ ಹಿಂಜಿನ ಗುರುತು ಇದ್ದರೆ ಅದು ಕುಂದಲ್ಲ. ಆ ಕಾಲದಲ್ಲಿ ಎಲ್ಲರೂ ಇಡುತ್ತಿದ್ದದ್ದು ಹಾಗೆಯೇ. ಆ ಗುರುತು ಅಳಿಸಲು ಹೋಗಿ ಚೀಟಿಯ ಬೆನ್ನು ಸಿಪ್ಪೆಯೆದ್ದರೆ ಅದು ನಿಜವಾದ ನಷ್ಟ.

ಆದ್ದರಿಂದ ಹಳೆಯ ಹಿಂಜ್ ಪುಟದಿಂದ ಸುಲಭವಾಗಿ ಬಿಡದಿದ್ದರೆ, ಚೀಟಿಯನ್ನು ಎಳೆಯಬೇಡಿ. ಹಿಂಜನ್ನೇ ಕತ್ತರಿಸಿ, ಚೀಟಿಯ ಹಿಂದೆ ಉಳಿದ ತುಂಡನ್ನು ಹಾಗೇ ಬಿಡಿ. ಪುಟಕ್ಕೆ ಪೂರ್ತಿ ಮೆತ್ತಿಕೊಂಡಿದ್ದರೆ ಚೀಟಿಯ ಸುತ್ತ ಅಂಗುಲದಷ್ಟು ಪುಟವನ್ನೇ ಬಿಟ್ಟು ಕತ್ತರಿಸಿ ತೆಗೆದಿಡಬಹುದು. ಬಿಡಿಸುವ ಕೆಲಸ ಬಲ್ಲವರು ಸಿಕ್ಕ ದಿನ ಆಗಲಿ.

ಹೊಸ ಪುಟಕ್ಕೆ ಹಾಕುವಾಗ ಗೋಂದಿರುವ ಚೀಟಿಗಳಿಗೆ ಮೌಂಟ್, ಬಳಸಿದ ಸಾಮಾನ್ಯ ಚೀಟಿಗಳಿಗೆ ಹಿಂಜ್ ಅಥವಾ ಸ್ಟಾಕ್‌ಬುಕ್ಕು ಸಾಕು. ಮೌಂಟನ್ನು ಚೀಟಿಗಿಂತ ಒಂದೆರಡು ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿ. ಬಿಗಿಯಾದರೆ ಹಲ್ಲುಗಳು ಬಾಗುತ್ತವೆ. ಅದರ ಹಿಂದಿನ ಗೋಂದನ್ನು ಮೇಲ್ತುದಿಯಲ್ಲಿ ಮಾತ್ರ ತೆಳುವಾಗಿ ಒದ್ದೆ ಮಾಡಿ ಪುಟಕ್ಕೆ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಚೀಟಿ ಸೇರಿಸಿ. ಎಲ್ಲ ಒಟ್ಟಿಗೆ ಮಾಡಲು ಹೋದರೆ ಆ ತೇವ ಒಳಗೆ ಇಳಿದು, ಕಾಪಾಡಬೇಕಾದ ಜೇಬಿನಲ್ಲೇ ಗೋಂದು ಅಂಟಿಕೊಳ್ಳುತ್ತದೆ. ಹಿಂಜನ್ನು ನಾಲಿಗೆಯಿಂದ ನೆಕ್ಕುವ ಬದಲು ಒದ್ದೆ ಕುಂಚದ ತುದಿ ಸೋಕಿಸಿ. ಹಿಂಜಿಗೆ ಬೇಕಾದದ್ದು ತೇವದ ಸುಳಿವಷ್ಟೇ.

ಕೆಲಸಕ್ಕೆ ಕೂರುವ ಮುನ್ನ ಕೈತೊಳೆದು ಪೂರ್ತಿ ಒಣಗಿಸಿಕೊಳ್ಳಿ, ಕೈಗೆ ಕ್ರೀಮು ಬೇಡ. ಬೆರಳಿನ ಬೆವರು, ಜಿಡ್ಡು ಕಾಗದಕ್ಕೆ ಇಳಿಯುವುದರಿಂದ ಚೀಟಿಯನ್ನು ಚಪ್ಪಟೆ ತುದಿಯ ಸ್ಟಾಂಪ್ ಚಿಮ್ಮಟದಲ್ಲೇ ಹಿಡಿಯಿರಿ. ಹುಬ್ಬಿಗೆ ಬಳಸುವ ಚಿಮ್ಮಟದ ಚೂಪು ತುದಿ, ಒಳಗಿನ ಗೀರುಗಳು ಕಾಗದವನ್ನು ಗಾಯಗೊಳಿಸುತ್ತವೆ. ಕಾಫಿ ಲೋಟ ಬೇರೆ ಮೇಜಿನ ಮೇಲಿರಲಿ. ಮುಖ್ಯವಾಗಿ, ಫ್ಯಾನು ಆರಿಸಿ.

ಇದೆಲ್ಲಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಒಂದೂ ಚೀಟಿಯನ್ನು ಕದಲಿಸದೆ, ಆಲ್ಬಮ್ಮಿನ ಪ್ರತಿ ಪುಟವನ್ನೂ ಇದ್ದ ಹಾಗೇ ಫೋಟೊ ತೆಗೆಯಿರಿ. ಮೊಬೈಲಿನ ಫೋಟೊ ಸಾಕು. ಯಾವ ಚೀಟಿಯ ಪಕ್ಕ ಯಾವುದಿತ್ತು, ಅಂಚಿನಲ್ಲಿ ಪೆನ್ಸಿಲಿನಲ್ಲಿ ಏನು ಬರೆದಿತ್ತು, ಯಾರು ಕೊಟ್ಟದ್ದು, ಯಾವ ವರ್ಷ ಸಿಕ್ಕಿದ್ದು, ಇವು ಒಮ್ಮೆ ಕದಡಿದರೆ ಮತ್ತೆ ಜೋಡಿಸಲಾಗದು. ಚೀಟಿಗಳನ್ನೆಲ್ಲ ಸಾಗಿಸಿದ ಮೇಲೆ ಖಾಲಿಯಾದ ಹಳೆಯ ಪುಟಗಳನ್ನೂ ರದ್ದಿಗೆ ಹಾಕಬೇಡಿ. ಅವು ಆಮ್ಲದ ಪುಟಗಳಾದ್ದರಿಂದ ಹೊಸ ಆಲ್ಬಮ್ಮಿನ ಜೊತೆ ಇಡುವಂತಿಲ್ಲ. ಬೇರೆ ಲಕೋಟೆಯಲ್ಲಿ, ಬೇರೆ ಕಪಾಟಿನಲ್ಲಿ ಇಡಿ. ಲಕೋಟೆಯ ಮೇಲೆ ಅವು ಯಾರ ಕೈಬರಹ ಎಂದು ಪೆನ್ಸಿಲಿನಲ್ಲಿ ಬರೆದಿಡಿ.